ಆ ರೊಕ್ಕ ಯಾರ ಕುಡದ್ರು?

ಹಡಗಿನ ಸೂಟ್ ಕೋಣೆ ಮಾರುವವರು ಕೋಣೆಯ ಬಗ್ಗೆ ಮಾತಾಡುವುದೇ ಕಡಿಮೆ. ಇಚಲಕರಂಜಿಯ ಟ್ರಾವೆಲ್ ಏಜೆಂಟರೊಬ್ಬರು ನನ್ನ ಮುಂದೆ ಚಾಚಿದ ಹಾಳೆಯಲ್ಲಿ ಕೋಣೆಗೆ ಸಿಕ್ಕಿದ್ದು ಒಂದೇ ಸಾಲು. ಉಳಿದಿದ್ದೆಲ್ಲ ಸವಲತ್ತು: ಹತ್ತುವಾಗ ಬೇರೆ ಕೌಂಟರ್, ಇಳಿಯುವಾಗ ಮೊದಲ ಸರದಿ, ಊಟದ ಹಾಲಿನಲ್ಲಿ ಕಾದಿಟ್ಟ ಮೇಜು, ನಾಟಕದ ಹಾಲಿನಲ್ಲಿ ಮುಂದಿನ ಕುರ್ಚಿ, ಕರೆದಾಗ ಬರುವ ಬಟ್ಲರ್, ಬಟ್ಟೆಗೆ ಇಸ್ತ್ರಿ, ವೈಫೈ, ಇವೆಲ್ಲದರ ಮೇಲೆ ದಪ್ಪ ಅಕ್ಷರದಲ್ಲಿ ‘ಪಾನೀಯ ಪ್ಯಾಕೇಜ್ ಸೇರಿದೆ’.

ನಾನು ಮಗ್ಗದವರ ಲೆಕ್ಕಪತ್ರ, ರಿಟರ್ನ್ ನೋಡಿಕೊಂಡು ಬದುಕುವವನು. ಇಂಥ ಹಾಳೆ ಕಂಡರೆ ಪೆನ್ಸಿಲ್ ತಾನಾಗಿ ಕೈಗೆ ಬರುತ್ತದೆ. ಹೊರಟವರು ನಾಲ್ವರು. ಗಡಹಿಂಗ್ಲಜದಲ್ಲಿರುವ ಅಪ್ಪ, ಅವ್ವ. ಇಚಲಕರಂಜಿಯಲ್ಲಿರುವ ನಾನು, ನನ್ನ ಹೆಂಡತಿ. ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ಎರಡು ರಾತ್ರಿಯ ಪ್ರವಾಸ. ಒಳಗಿನ ಕಿಟಕಿಯಿಲ್ಲದ ಕೋಣೆಗೆ ತಲಾ 25,000 ಅಂದರು. ಬಾಲ್ಕನಿ ಇದ್ದದ್ದಕ್ಕೆ ತಲಾ 40,000. ಸೂಟ್‌ಗೆ ತಲಾ 60,000. ಹಡಗಿನಲ್ಲಿ ದರ ಯಾವಾಗಲೂ ತಲೆಗೆ ಲೆಕ್ಕ, ಅದೂ ಒಂದು ಕೋಣೆಗೆ ಇಬ್ಬರು ಅಂತ ಹಿಡಿದು. ಒಬ್ಬರೇ ಹೋದರೆ ಖಾಲಿ ಹಾಸಿಗೆಯ ಬಾಡಿಗೆಯೂ ಹೆಚ್ಚುಕಡಿಮೆ ನಿಮ್ಮ ಮೇಲೆಯೇ ಬೀಳುತ್ತದೆ. ಮೂರನೆಯವರು, ನಾಲ್ಕನೆಯವರು ಅದೇ ಕೋಣೆಗೆ ಬಂದರೆ ಅವರ ದರ ಎಷ್ಟೋ ಕಡಿಮೆ.

ಏಜೆಂಟರ ಜಾಣತನ ಇರುವುದು ಸೂಟನ್ನು ಯಾವುದರ ಪಕ್ಕ ನಿಲ್ಲಿಸುತ್ತಾರೆ ಅನ್ನುವುದರಲ್ಲಿ. ‘ಒಳಗಿನ ಕೋಣೆಯಲ್ಲಿ ಇದು ಯಾವುದೂ ಇಲ್ಲ ನೋಡ್ರಿ’ ಅನ್ನುತ್ತಾರೆ. ನಿಜವೇ. ಆದರೆ ಹೋಲಿಸಬೇಕಾದದ್ದು ತಳದ ಮೆಟ್ಟಿಲಿನ ಜೊತೆಗಲ್ಲ, ಒಂದು ಮೆಟ್ಟಿಲು ಕೆಳಗಿನದರ ಜೊತೆ. ಗಾಳಿ, ಬೆಳಕು, ಸಮುದ್ರ ಬಾಲ್ಕನಿ ಕೋಣೆಯಲ್ಲೇ ಸಿಕ್ಕುಬಿಡುತ್ತವೆ. ಸೂಟ್ ಅನ್ನುವುದಕ್ಕೆ ನಾನು ಕೊಡುವುದು ಅದರ ಮೇಲಿನ ತಲಾ 20,000. ಅಪ್ಪ ಅವ್ವ ಇಬ್ಬರಿಗೆ 40,000. ಕಣ್ಣಿಡಬೇಕಾದ ಮೊತ್ತ ಇದೊಂದೇ. ಬಂದರಿನ ಶುಲ್ಕ ಯಾವ ಕೋಣೆಯಾದರೂ ತಲೆಗೆ ಒಂದೇ. ತೆರಿಗೆ ಶೇಕಡಾವಾರು, ಹಾಗಾಗಿ ದರದ ಬೆನ್ನಿಗೇ ಅದೂ ಏರುತ್ತದೆ. ಸಿಬ್ಬಂದಿಯ ಟಿಪ್ಸ್ ಅನ್ನು ದಿನದ ಲೆಕ್ಕದಲ್ಲಿ ಬಿಲ್ಲಿಗೇ ಸೇರಿಸುವ ಕಂಪನಿಗಳು ಸೂಟಿನವರಿಗೆ ಹೆಚ್ಚಿನ ದರ ಹಾಕುವುದು ಸಾಮಾನ್ಯ. ಅದನ್ನು ಯಾವ ಹಾಳೆಯೂ ದಪ್ಪ ಅಕ್ಷರದಲ್ಲಿ ಬರೆಯುವುದಿಲ್ಲ.

ಹಾಳೆಯನ್ನು ಗಡಹಿಂಗ್ಲಜಕ್ಕೆ ಒಯ್ದು ಅವ್ವನಿಗೆ ಓದಿ ಹೇಳಿದೆ. ಪಾನೀಯ ಪ್ಯಾಕೇಜಿನ ಹತ್ತಿರ ನಿಲ್ಲಿಸಿದಳು.

“ನಾ ಕುಡಿಯಂಗಿಲ್ಲ, ನಿಮ್ಮಪ್ಪ ಕುಡಿಯಂಗಿಲ್ಲ. ಮತ್ತ ಆ ರೊಕ್ಕ ಯಾರ ಕುಡದ್ರು?”

ಹಣಕಾಸಿನ ಪಾಠದ ಪುಸ್ತಕಗಳು ಇಷ್ಟು ನೇರವಾಗಿ ಕೇಳುವುದಿಲ್ಲ. ಹಾಳೆಯಲ್ಲಿ ಬೆಲೆ ಬರೆದು ತೋರಿಸಬಹುದಾದ ಅತಿ ದುಬಾರಿ ಸವಲತ್ತು ಅದೇ. ಲಿಂಗಾಯತರ ನಮ್ಮ ಮನೆಯಲ್ಲಿ ಅದರ ಬೆಲೆ ಸೊನ್ನೆ. ಬಿಯರ್, ವೈನ್ ಅಂತ ದಿನವಿಡೀ ಗ್ಲಾಸು ಹಿಡಿಯುವ ಜೋಡಿಗೆ ಅದೊಂದರಲ್ಲೇ ಸೂಟಿನ ಹೆಚ್ಚುವರಿ ಹಣದಲ್ಲಿ ಅರ್ಧ ವಾಪಸು ಬಂದೀತು. ಪ್ಯಾಕೇಜ್ ಒಂದೇ, ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಪರರ ಕುಡಿತಕ್ಕೆ ಕೊಟ್ಟ ವರ್ಗಣಿ. ವೈಫೈ ಅವರಿಗೆ ಬೇಡ. ಇಸ್ತ್ರಿಗೆ ಸೀರೆ ಹೊರಗಿನವರ ಕೈಗೆ ಅವ್ವ ಕೊಡುವವಳಲ್ಲ. ಕಾದಿಟ್ಟ ಮೇಜು ಸೂಟಿನವರಿಗೆ ಮಾತ್ರ; ಮಗ, ಸೊಸೆ ಆ ಕಡೆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಇವರಿಬ್ಬರು ಈ ಕಡೆ ಕೂತು ಉಣ್ಣುತ್ತಾರೆಯೇ? ಅದೂ ಸೊನ್ನೆ.

ಉಳಿದದ್ದು ಸಾಲು ತಪ್ಪಿಸುವ ಸವಲತ್ತು. ಅಪ್ಪನ ಮಂಡಿಗಳು ಇತ್ತೀಚೆಗೆ ಸಾಥ್ ಕೊಡುತ್ತಿಲ್ಲ. ಗಡಹಿಂಗ್ಲಜಕ್ಕೆ ರೈಲಿಲ್ಲ, ಕೊಲ್ಹಾಪುರದವರೆಗೆ ರಸ್ತೆ, ಅಲ್ಲಿಂದ ರಾತ್ರಿ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್, ಬೆಳಿಗ್ಗೆ ಮುಂಬೈಯ ಸಿಎಸ್‌ಎಂಟಿ, ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್‌ಗೆ ಟ್ಯಾಕ್ಸಿ. ಇಷ್ಟಾದ ಮೇಲೆ ಸಾಮಾನು ತಪಾಸಣೆ, ಗುರುತಿನ ಚೀಟಿ, ಕೋಣೆಯ ಕಾರ್ಡು. ಒಂದೇ ಮಧ್ಯಾಹ್ನ ಸಾವಿರದ ಮೇಲೆ ಜನ ಹತ್ತುವ ಹಡಗಿಗೆ ಸಾಲು ಇದ್ದೇ ಇರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಗಿದೆ. ನಾವು ಹೋದದ್ದು ಅದಕ್ಕೂ ಮುಂಚೆ. ಅಂದರೆ 40,000ದಲ್ಲಿ ನಮಗೆ ನಿಜವಾಗಿ ದಕ್ಕುವುದು ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ ಅಪ್ಪ ನಿಲ್ಲಬೇಕಾಗಿಲ್ಲ ಅನ್ನುವುದಷ್ಟೇ.

ಇಷ್ಟಕ್ಕೆ ಬೇರೆ ದಾರಿ ಇದೆಯೇ ಅಂತ ಕೇಳಿದೆ. ಇದೆ, ಅದೂ ಪುಕ್ಕಟೆ. ಬುಕ್ ಮಾಡುವಾಗಲೇ ವ್ಹೀಲ್‌ಚೇರ್ ಸಹಾಯ ಬೇಕು ಅಂತ ಬರೆಸಿದರೆ ಆಯಿತು. ಯಾವ ದರದ ಕೋಣೆಯಾದರೂ ಸರಿ, ಸಿಬ್ಬಂದಿಯೇ ತಳ್ಳಿಕೊಂಡು ಹೋಗಿ ಹಡಗಿನೊಳಗೆ ಬಿಡುತ್ತಾರೆ. ನನ್ನ ಲೆಕ್ಕ ಮುಗಿಯಿತು, 40,000 ಉಳಿಯಿತು ಅಂದುಕೊಂಡು ಅಪ್ಪನಿಗೆ ಹೇಳಿದೆ.

“ನಾ ಏನ್ ಪೇಶಂಟ್ ಅದೀನೇನ್ ತಮ್ಮಾ? ಗಾಡ್ಯಾಗ ಕುಂತ್ ಹಡಗ ಹತ್ತಾಂವಲ್ಲ ನಾ.”

ಅಪ್ಪ ಹರೆಯದಲ್ಲಿ ಮುಂಬೈಯ ಗಿರಣಿಯಲ್ಲಿದ್ದವನು. ಆಗ ಕೋಕಣ ಸೇವಕ, ಕೋಕಣ ಶಕ್ತಿ ಅನ್ನುವ ಹಡಗುಗಳು ಮುಂಬೈಯಿಂದ ಪಣಜಿಗೆ ಓಡುತ್ತಿದ್ದವು. ಡೆಕ್ಕಿನ ಟಿಕೆಟ್ ತೆಗೆದು, ಹಾಸಿಗೆ ಸುರುಳಿ ಬಿಚ್ಚಿ, ಗೆಳೆಯರ ಜೊತೆ ಬಯಲಿನಲ್ಲಿ ಮಲಗಿ ಹೋದವನಿಗೆ ಅದೇ ದಾರಿಯಲ್ಲಿ ಕುರ್ಚಿಯ ಮೇಲೆ ತಳ್ಳಿಸಿಕೊಂಡು ಹೋಗುವುದು ಆಗಲಿಲ್ಲ. ನಾನು ವಾದ ಮಾಡಲಿಲ್ಲ. ಸೂಟ್ ಬುಕ್ ಮಾಡಿದೆ. ನಾವಿಬ್ಬರು ಒಳಗಿನ ಕೋಣೆಗೆ ಹೋದೆವು. ಬಟ್ಲರ್ ಅಂದರೆ ಬಟ್ಲರ್, ಅಪ್ಪನ ಹಟ ಅಂದರೆ ಹಟ. ಲೆಕ್ಕದ ಪುಸ್ತಕದಲ್ಲಿ ಆ 40,000 ಕೋಣೆ ಬಾಡಿಗೆ ಅಂತ ಬರೆಯಲಿಲ್ಲ, ‘ಅಪ್ಪ’ ಅಂತ ಬರೆದೆ. ಇಂಥ ಖರ್ಚು ತಪ್ಪಲ್ಲ ಅಂತಲೇ ನನ್ನ ಎಣಿಕೆ. ಯಾವುದಕ್ಕೆ ಕೊಡುತ್ತಿದ್ದೇವೆ ಅಂತ ಗೊತ್ತಿದ್ದು ಕೊಟ್ಟರೆ ದುಬಾರಿಯೂ ಸಲೀಸು.

ಸೂಟಿನಲ್ಲಿ ಅವರು ಏನು ಮಾಡಿದರು? ಕೋಣೆ ಸ್ವಚ್ಛ ಮಾಡುವ ಹುಡುಗ ಬರುವುದಕ್ಕೆ ಮುಂಚೆಯೇ ಅಪ್ಪ ಹಾಸಿಗೆ ಕೊಡವಿ ಚಾದರ ಮಡಚಿಟ್ಟ. ಸ್ನಾನದ ತೊಟ್ಟಿಯಲ್ಲಿ ಅವ್ವ ಧೋತರ ನೆನೆಹಾಕಿದಳು. ಕರೆಗಂಟೆ ಒತ್ತಲಿಲ್ಲ, ‘ಪಾಪ, ಅವರಿಗೂ ಕೆಲಸ ಇರ್ತಾವ’ ಅಂತ.

ಬಾಲ್ಕನಿಯನ್ನು ಮಾತ್ರ ಪೂರ್ತಿ ಬಳಸಿದರು. ಇಲ್ಲಿ ಒಂದು ಸಣ್ಣ ಸಂಗತಿಯನ್ನು ಏಜೆಂಟರು ಹೇಳುವುದೇ ಇಲ್ಲ. ಮುಂಬೈಯಿಂದ ಗೋವಾಕ್ಕೆ ಹಡಗು ದಕ್ಷಿಣಕ್ಕೆ ಮುಖ ಮಾಡಿ ಹೋಗುತ್ತದೆ. ಎಡಗಡೆಯ ಬಾಲ್ಕನಿಗೆ ಕೊಂಕಣದ ದಂಡೆ, ಬಲಗಡೆಯದಕ್ಕೆ ಸೂರ್ಯಾಸ್ತ ಮತ್ತು ಬರೀ ನೀರು. ವಾಪಸು ಬರುವಾಗ ಉಲ್ಟಾ. ಎರಡಕ್ಕೂ ದರ ಒಂದೇ. ಹೊರಡುವ ದಿನದ ಮುಳುಗುವ ಸೂರ್ಯ ಬೇಕಿದ್ದರೆ ಬಲಗಡೆ ಕೇಳಿ ಪಡೆಯಿರಿ. ಇನ್ನೊಂದು: ಸೂಟ್‌ಗಳು ಸಾಮಾನ್ಯವಾಗಿ ಮೇಲಿನ ಅಂತಸ್ತುಗಳಲ್ಲಿ, ಕೆಲವು ಹಡಗಿನ ಮೂತಿ ಅಥವಾ ಹಿಂಬದಿಗೆ. ಅಲ್ಲಿ ತೂಗಾಟ ಹೆಚ್ಚು. ಹಡಗಿನ ನಟ್ಟನಡುವೆ, ಕೆಳಗಿನ ಅಂತಸ್ತಿನ ಅಗ್ಗದ ಕೋಣೆಯೇ ಎಲ್ಲಕ್ಕಿಂತ ಸ್ಥಿರ. ಬಸ್ಸಿನಲ್ಲೇ ಹೊಟ್ಟೆ ತೊಳಸುವವರು ಹೆಚ್ಚು ಕೊಟ್ಟು ಹೆಚ್ಚು ತೂಗಾಡಬೇಕಾಗಿಲ್ಲ.

ವಾಪಸು ಬಂದ ಮೇಲೆ ನನ್ನ ಕಕ್ಷಿದಾರರೊಬ್ಬರು, ಮಜೂರಿಯ ಮೇಲೆ ಮಗ್ಗ ನಡೆಸುವವರು, ಕೇಳಿದ್ದು ಒಂದೇ ಪ್ರಶ್ನೆ: “ಸಾಹೇಬ್ರ, ಪಿಕ್ಕಿಗೆ ಎಷ್ಟ್ ಬಿತ್ರೀ?” 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ಹಾಕಿದ ಇಚಲಕರಂಜಿಗೆ ತಕ್ಕ ಪ್ರಶ್ನೆ. ಇಲ್ಲಿ ಬಟ್ಟೆಯ ಮಜೂರಿ ಬರೀ ಮೀಟರಿನ ಉದ್ದ ನೋಡಿ ಅಲ್ಲ, ಅಡ್ಡ ಎಳೆಯ ಲೆಕ್ಕದಲ್ಲಿ, ಪಿಕ್ಕಿಗೆ ಇಷ್ಟು ಪೈಸೆ ಅಂತ. ಹಾಗೆ ಹಿಡಿದರೆ ಅಪ್ಪ ಅವ್ವ ಎಚ್ಚರವಿದ್ದು ಕೋಣೆಯಲ್ಲಿ ಕಳೆದದ್ದು ಹನ್ನೆರಡು ತಾಸು ಇದ್ದೀತು: ಸೂಟ್‌ಗೆ ಕೊಟ್ಟ ಹೆಚ್ಚುವರಿ ಹಣ ತಾಸಿಗೆ ಸುಮಾರು 3,300 ರೂಪಾಯಿ. ಕಕ್ಷಿದಾರರು ತಲೆ ಕೊಡವಿದರು. ಆ ದರಕ್ಕೆ ಅವರು ಮಗ್ಗ ನಿಲ್ಲಿಸಿಯಾರು.

ಎರಡು ರಾತ್ರಿಯ ಪ್ರವಾಸದ ಕುತ್ತೇ ಇದು. ಮೊದಲ ದಿನ ಹತ್ತುವ ಗಡಿಬಿಡಿ, ನಡುವಿನ ದಿನ ಗೋವಾದಲ್ಲಿ ಇಳಿದು ತಿರುಗಾಟ, ಮೂರನೆಯ ಬೆಳಿಗ್ಗೆ ಪೆಟ್ಟಿಗೆ ಕಟ್ಟುವುದು. ಸವಲತ್ತಿಗೆ ದುಡಿಯಲು ಹೊತ್ತೇ ಸಿಗುವುದಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೋದಾಗ, ಇಚಲಕರಂಜಿಯ ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರು 1913ರಲ್ಲಿ ಯುರೋಪಿಗೆ ಹೋಗಿಬಂದು ಮರುವರ್ಷ ಅದರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದಾಗ, ಹಡಗಿನ ಮೇಲೆ ವಾರಗಳೇ ಕಳೆಯುತ್ತಿದ್ದವು. ಅಷ್ಟು ದಿನ ಇರುವ ಜಾಗಕ್ಕೆ ಒಳ್ಳೆಯ ಕೋಣೆ ಹಿಡಿಯುವುದು ಷೋಕಿಯಲ್ಲ. ಏಳು ರಾತ್ರಿಯ ಪ್ರವಾಸವಾದರೆ ನಾನೂ ಸೂಟ್ ಬಗ್ಗೆ ಇಷ್ಟು ಬಿಗಿಯಾಗಿ ಮಾತಾಡುವುದಿಲ್ಲ.

ಹಡಗೂ ಮುಖ್ಯ. ಮುಂಬೈಯಿಂದ 2021ರ ಸೆಪ್ಟೆಂಬರಿನಲ್ಲಿ ಓಡಾಟ ಶುರು ಮಾಡಿದ ಕಾರ್ಡೀಲಿಯಾದ ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು. ಆ ಕಾಲದ ವಿನ್ಯಾಸದಲ್ಲಿ ಬಾಲ್ಕನಿಗಳು ಕಡಿಮೆ, ಹಾಗಾಗಿ ಬಾಲ್ಕನಿ ಅಂದರೇ ಮೇಲಿನ ದರ್ಜೆ. ಸಿಂಗಪುರದಿಂದ ಹೊರಡುವ, ನಮ್ಮ ಕಡೆಯ ಏಜೆಂಟರು ಬಹಳ ಮಾರುವ ಗೆಂಟಿಂಗ್ ಡ್ರೀಮ್ 2016ರದ್ದು. ಅಲ್ಲಿ ಹೆಚ್ಚಿನ ಕೋಣೆಗಳಿಗೇ ಬಾಲ್ಕನಿ ಇದೆ, ಅದಕ್ಕೆ ಸೂಟಿನವರಿಗೆ ‘ದಿ ಪ್ಯಾಲೇಸ್’ ಅಂತ ಬೇರೆಯದೇ ಮೊಹಲ್ಲಾ ಮಾಡಿ ಊಟದ ಮನೆ, ಈಜುಕೊಳ ಎಲ್ಲ ಪ್ರತ್ಯೇಕ ಕೊಟ್ಟಿದ್ದಾರೆ. ಹಡಗಿನೊಳಗೊಂದು ಹಡಗು. ಎಲ್ಲರಿಗೂ ಬಾಲ್ಕನಿ ಸಿಕ್ಕಾಗ ದುಡ್ಡಿದ್ದವರಿಗೆ ಮಾರಲು ಉಳಿಯುವುದು ಉಳಿದವರಿಂದ ದೂರ ಇರುವ ಸುಖ.

ಕೊಲ್ಹಾಪುರದ ನಿಲ್ದಾಣಕ್ಕೆ ಬರುವ ಡೆಕ್ಕನ್ ಒಡಿಸ್ಸಿ ರೈಲು ಈ ವಿಷಯದಲ್ಲಿ ಪ್ರಾಮಾಣಿಕ ಅನ್ನಿಸುತ್ತದೆ. 2004ರಲ್ಲಿ ಶುರುವಾದ ಅದರಲ್ಲಿ ಪ್ರೆಸಿಡೆನ್ಶಿಯಲ್ ಸೂಟ್‌ಗಳಿವೆ, ಆದರೆ ಊಟ, ಊರು ತೋರಿಸುವ ವ್ಯವಸ್ಥೆ ಸಾದಾ ಕೋಣೆಯವರಿಗೂ ದರದಲ್ಲೇ ಸೇರಿದೆ. ಸೂಟಿನವರು ಮುಖ್ಯವಾಗಿ ಜಾಗಕ್ಕೆ ಕೊಡುತ್ತಾರೆ.

ವಿದೇಶಿ ಹಡಗಿಗೆ ಹೋಗುವವರಿಗೆ ನನ್ನ ಧಂದೆಯ ಒಂದು ಮಾತು. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡಾಗ ಏಜೆಂಟರು ಟಿಸಿಎಸ್, ಅಂದರೆ ಮಾರುವಾಗಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. 2023ರ ಅಕ್ಟೋಬರಿನಿಂದ ವರ್ಷಕ್ಕೆ 7 ಲಕ್ಷದವರೆಗೆ ಶೇ 5, ಅದರ ಮೇಲೆ ಶೇ 20 ಆಗಿತ್ತು. 2025ರ ಏಪ್ರಿಲಿನಲ್ಲಿ ಆ ಗಡಿಯನ್ನು 10 ಲಕ್ಷಕ್ಕೆ ಏರಿಸಿದ್ದರು. ಬಜೆಟ್ಟಿಗೊಮ್ಮೆ ಬದಲಾಗುವ ಬಾಬತ್ತು ಇದು, ಬುಕ್ ಮಾಡುವ ದಿನದ ದರ ಕೇಳಿಕೊಳ್ಳಿ. ಕುಟುಂಬ ಸಮೇತ ಸೂಟ್ ಹಿಡಿದರೆ ಮೊತ್ತ ಬೇಗ ಏರುತ್ತದೆ. ಆದರೆ ಇದು ಖರ್ಚಲ್ಲ, ನಿಮ್ಮ ಪ್ಯಾನ್ ಮೇಲೆ ಜಮಾ ಆಗುವ ಮುಂಗಡ ತೆರಿಗೆ; ತೆರಿಗೆ ಇಲಾಖೆಯ ನಿಮ್ಮ ಜಮಾ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನಿನಲ್ಲಿ ವಜಾ ಆಗುತ್ತದೆ. ಗಡಹಿಂಗ್ಲಜ ಕಡೆಯ ಕಬ್ಬು, ಮೆಣಸಿನಕಾಯಿ ಬೆಳೆಯುವ ಎಷ್ಟೋ ಮನೆಗಳಲ್ಲಿ ತೆರಿಗೆಯೂ ಇಲ್ಲ, ರಿಟರ್ನೂ ಇಲ್ಲ. ಅಂಥವರ ಪ್ಯಾನಿನಲ್ಲಿ ಬುಕ್ ಮಾಡಿದರೆ ಆ ಹಣ ವಾಪಸು ಪಡೆಯಲಿಕ್ಕೆಂದೇ ರಿಟರ್ನ್ ತುಂಬಬೇಕು. ಮನೆಯಲ್ಲಿ ತೆರಿಗೆ ಕಟ್ಟುವ ಮಗ ಇದ್ದರೆ ಅವನ ಹೆಸರಲ್ಲಿ ಹಣ ಕಟ್ಟಿ. ಮುಂಬೈ–ಗೋವಾ ಪ್ರವಾಸಕ್ಕೆ ಈ ತಾಪತ್ರಯ ಇಲ್ಲ.

ಸೂಟ್ ಬೇಕೇ ಬೇಕು ಅನ್ನುವವರಿಗೆ ಇನ್ನೊಂದು ಬಾಗಿಲು ಇದೆ. ದೊಡ್ಡ ಕಂಪನಿಗಳು ಹಲವು, ಹಡಗು ಹೊರಡುವ ಕೆಲ ವಾರ ಮುಂಚೆ, ಕೆಳಗಿನ ಕೋಣೆ ಹಿಡಿದವರಿಗೆ ಖಾಲಿ ಉಳಿದ ಮೇಲಿನ ಕೋಣೆಗೆ ಸವಾಲು ಕೂಗಲು ಕರೆಯುತ್ತವೆ. ಕೂಗುವ ಮೊತ್ತ ಸಾಮಾನ್ಯವಾಗಿ ತಲೆಗೆ. ಕೋಣೆಗೆ ಅಂತ ತಿಳಿದು ಕೂಗಿದರೆ ಬಿಲ್ ಎರಡು ಪಟ್ಟು ಬರುತ್ತದೆ.

ಈಗ ಇಚಲಕರಂಜಿಯ ಭಿಶಿಯ, ಅಂದರೆ ಚೀಟಿ ಗುಂಪಿನ, ಹೆಂಗಸರು ಹೊರಟಿದ್ದಾರೆ, ನನ್ನ ಹೆಂಡತಿಯೂ ಅದರಲ್ಲಿದ್ದಾಳೆ. ಆರು ಜನ, ತಿಂಗಳ ಭಿಶಿಯ ಹಣ ಕೂಡಿಸಿಟ್ಟು, ಸಾಲ ಇಲ್ಲದೆ, ಇಎಂಐ ಇಲ್ಲದೆ. ಒಬ್ಬಾಕೆಗೆ ಸೂಟ್ ಮನಸ್ಸಿನಲ್ಲಿತ್ತು. ರದ್ದು ಮಾಡುವ ನಿಯಮ ಓದಿ ಅಂತ ಹಾಳೆ ಕೊಟ್ಟೆ: ಕೆಲವು ಕಂಪನಿಗಳಲ್ಲಿ ಸಾದಾ ಕೋಣೆಯ ಮುಂಗಡ ಮರಳುತ್ತದೆ, ಸೂಟಿನದು ಮರಳುವುದಿಲ್ಲ. ನೂಲಿನ ರೇಟು ಏರಿದ ತಿಂಗಳು ಮನೆಯ ಎಲ್ಲ ಕಾರ್ಯಕ್ರಮ ಮುಂದೆ ಹೋಗುವ ಊರು ಇದು. ಅವರು ಹಾಳೆ ಓದಿದರು, ಮಾತಾಡಿಕೊಂಡರು, ಒಳಗಿನ ಕೋಣೆ ಮೂರು ಬರೆಸಿದರು. ಉಳಿದ ಹಣದಲ್ಲಿ ಕೊಲ್ಹಾಪುರದಿಂದ ಮುಂಬೈಗೆ ಎಸಿ ಬರ್ತ್.