ಕಾನ್ಹೇರಿಯಲ್ಲಿ ನೃಪತುಂಗನ ಹೆಸರು

ಡೊಂಬಿವಿಲಿಯಲ್ಲಿ ಬೆಳೆದ ನನ್ನಂಥ ಕನ್ನಡದ ಹುಡುಗರಿಗೆ ಒಂದು ಚಟವಿದೆ. ಎಲ್ಲಿ ಹೋದರೂ ‘ಇಲ್ಲಿ ನಮ್ಮವರು ಯಾರಾದ್ರೂ ಇದ್ರಾ?’ ಅಂತ ಹುಡುಕೋದು. ಹೋಟೆಲಿನ ಫಲಕದಲ್ಲಿ, ಚಾಳಿನ ಬಾಗಿಲ ಮೇಲಿನ ಹೆಸರಿನಲ್ಲಿ, ಹಳೆಯ ಗುಡಿಯ ಕಲ್ಲಿನಲ್ಲಿ. ಈ ಚಟವೇ ನನ್ನನ್ನು ಕಾನ್ಹೇರಿಗೆ ಕರೆದುಕೊಂಡು ಹೋಯಿತು. ಅಲ್ಲಿ ಕಿವಿಯನ್ನೂ ಹಿಂಡಿತು. ಶಾಸನ ಓದಲು ಹೊರಡುವ ಗೆಳೆಯರಿಗೆ ಉಪಯೋಗವಾದೀತೆಂದು ಆ ಕತೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಐದು ಜನ, ಜೊತೆಗೆ ನಮ್ಮ ಮೇಷ್ಟ್ರು. ದಾದರಿನಲ್ಲಿ ಗಾಡಿ ಬದಲಿಸಿ ಬೋರಿವಲಿಗೆ ಬಂದೆವು. ರಾಷ್ಟ್ರೀಯ ಉದ್ಯಾನದ ಬಾಗಿಲಿನಿಂದ ಗುಹೆಗಳಿಗೆ ಸುಮಾರು ಆರು ಕಿಲೋಮೀಟರು. ಈ ಕಾಡಿನ ಒಂದು ಮಗ್ಗುಲಿಗೆ ಬೋರಿವಲಿ, ಇನ್ನೊಂದು ಮಗ್ಗುಲಿಗೆ ಠಾಣೆ. ಎರಡೂ ಕಡೆ ಕಟ್ಟಡಗಳ ಸಾಲು. ನಡುವೆ ನೂರಕ್ಕೂ ಮಿಕ್ಕ ಬೌದ್ಧ ಗುಹೆಗಳು. ಶಾಸನಗಳಲ್ಲಿ ಈ ಬೆಟ್ಟದ ಹೆಸರು ಕೃಷ್ಣಗಿರಿ, ಎಂದರೆ ಕರಿಯ ಬೆಟ್ಟ. ಕಲ್ಲು ನೋಡಿದರೆ ಹೆಸರು ಸುಳ್ಳಲ್ಲ ಅನ್ನಿಸುತ್ತದೆ.

ಮೊದಲು ಹೊಕ್ಕದ್ದು 3ನೆಯ ಗುಹೆ. ಇದು ಚೈತ್ಯಗೃಹ, ನಮ್ಮ ಮಾತಿನಲ್ಲಿ ಹೇಳುವುದಾದರೆ ಬೌದ್ಧರ ಗುಡಿ. ಶಾತವಾಹನರ ಯಜ್ಞಶ್ರೀ ಶಾತಕರ್ಣಿಯ ಕಾಲದ್ದು. ಎರಡು ಸಾಲು ಕಂಬ, ಕೊನೆಯಲ್ಲಿ ಸ್ತೂಪ. ಕೆಲವು ಕಂಬಗಳ ಕೆತ್ತನೆ ಮುಗಿದಿಲ್ಲ. ಹೊರಗಡೆ, ಜಗಲಿಯ ಎರಡು ತುದಿಗಳಲ್ಲಿ, ಎರಡಾಳೆತ್ತರಕ್ಕೂ ಮೀರಿದ ಬುದ್ಧರು ನಿಂತಿದ್ದಾರೆ. ಇವು ಕೆಲವು ಶತಮಾನ ತಡವಾಗಿ ಬಂದವು. ಇಲ್ಲಿನ ಗುಹೆಗಳನ್ನೂ ನೀರಿನ ತೊಟ್ಟಿಗಳನ್ನೂ ಮಾಡಿಸಿಕೊಟ್ಟವರಲ್ಲಿ ವ್ಯಾಪಾರಿಗಳು ಬಹಳ. ಕಲ್ಯಾಣದವರು, ಸೋಪಾರದವರು, ನಾಸಿಕದವರು ಎಂದು ಊರಿನ ಹೆಸರನ್ನೂ ಕೆತ್ತಿಸಿದ್ದಾರೆ. ನಾವು ದಿನಾ ಗಾಡಿಯಲ್ಲಿ ಹಾದುಹೋಗುವ ಕಲ್ಯಾಣ ಆಗಲೇ ದಾನ ಕೊಡುವಷ್ಟು ದುಡ್ಡಿದ್ದ ಊರು!

ಆದರೆ ನಾನು ಬಂದದ್ದು 11ನೆಯ ಗುಹೆಗಾಗಿ. ಇದಕ್ಕೆ ದರ್ಬಾರ್ ಗುಹೆ ಎಂದು ಹೆಸರು. ಒಳಗೆ ಉದ್ದಕ್ಕೂ ಎರಡು ಕಲ್ಲಿನ ತಗ್ಗು ಜಗಲಿಗಳು. ಊಟದ ಪಂಕ್ತಿಗೆ ಹಾಕಿದ ಮಣೆಯ ಹಾಗೆ. ಇಲ್ಲಿನ ಸಂಸ್ಕೃತ ಶಾಸನದ ಸಾರಾಂಶವನ್ನು ಲೈಬ್ರರಿಯಿಂದ ಅವಸರದಲ್ಲಿ ಗೀಚಿಕೊಂಡು ಬಂದಿದ್ದೆ: ‘ಶಕ 775. ಅಮೋಘವರ್ಷ. ಕಪರ್ದಿ. ಗೌಡ, ಅವಿಘ್ನಾಕರ. ನೂರು ದ್ರಮ್ಮ.’ ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 853. ಅಮೋಘವರ್ಷನೆಂದರೆ ನಮ್ಮ ನೃಪತುಂಗ, ಮಳಖೇಡದ ರಾಷ್ಟ್ರಕೂಟ ದೊರೆ. ನಮಗೆ ಸಿಕ್ಕಿರುವ ಮೊದಲ ಕನ್ನಡ ಕೃತಿ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ, ಹೆಚ್ಚುಕಡಿಮೆ ಇದೇ ಕಾಲಕ್ಕೆ. ಸಾಲದ್ದಕ್ಕೆ ದಾನ ಕೊಟ್ಟವನೂ ಗೌಡ! ‘ನೋಡ್ರೋ, ರಾಜನೂ ನಮ್ಮವನು, ದಾನಿಯೂ ನಮ್ಮ ಗೌಡ್ರು’ ಅಂತ ಗುಹೆ ಮೊಳಗುವ ಹಾಗೆ ಕೂಗಿದೆ.

ಮೇಷ್ಟ್ರು ನಕ್ಕರು. ‘ಅದು ಊರಗೌಡ ಅಲ್ಲಯ್ಯಾ. ಗೌಡ ಅಂದ್ರೆ ದೇಶದ ಹೆಸರು, ಬಂಗಾಳ. ಆ ಮನುಷ್ಯ ಅಲ್ಲಿಂದ ಇಲ್ಲೀತನಕ ಬಂದ ಉಪಾಸಕ.’

ನನ್ನ ಮುಖ ಸಣ್ಣದಾಯಿತು. ಆಮೇಲೆ ಅದೇ ಜಗಲಿಯ ಮೇಲೆ ಕೂರಿಸಿ ಮೇಷ್ಟ್ರು ನಾಲ್ಕು ಪ್ರಶ್ನೆ ಹೇಳಿಕೊಟ್ಟರು. ಯಾವ ಶಾಸನವಾದರೂ ಕೇಳಿ: ಯಾರ ಆಳ್ವಿಕೆಯಲ್ಲಿ? ಕೊಟ್ಟವರು ಯಾರು? ಯಾರಿಗೆ? ಯಾತಕ್ಕೆ? ಮೊದಲನೆಯ ಉತ್ತರ ಸಿಕ್ಕ ಕೂಡಲೇ ಕುಣಿಯಬಾರದು.

ಆ ಪ್ರಕಾರ ಮತ್ತೆ ಓದಿದೆವು. ಚಕ್ರವರ್ತಿ ಅಮೋಘವರ್ಷ. ಅವನ ಕೈಕೆಳಗೆ ಕೊಂಕಣ ಆಳುತ್ತಿದ್ದವನು ಶಿಲಾಹಾರರ ಕಪರ್ದಿ. ಮುಂದೆ ಠಾಣೆಯಿಂದ ಆಳಿದ್ದು ಇದೇ ವಂಶ. ಕೊಟ್ಟವನು ಬಂಗಾಳದ ಅವಿಘ್ನಾಕರ. ಪಡೆದದ್ದು ಕೃಷ್ಣಗಿರಿಯ ಭಿಕ್ಷುಸಂಘ. ಕೊಟ್ಟದ್ದು ನೂರು ದ್ರಮ್ಮ ನಾಣ್ಯ, ಧ್ಯಾನದ ಕೋಣೆಗೂ ಭಿಕ್ಷುಗಳ ಬಟ್ಟೆಗೂ. ಎಂದರೆ ನೃಪತುಂಗ ಇಲ್ಲಿಗೆ ಬಂದ ಎಂದಾಗಲಿ, ಗುಹೆ ಕೊರೆಸಿದ ಎಂದಾಗಲಿ ಈ ಶಾಸನ ಹೇಳುವುದಿಲ್ಲ. ಅವನ ಹೆಸರು ಇಲ್ಲಿ ಕಾಲವನ್ನು ಗುರುತಿಸುತ್ತದೆ, ಅಧಿಕಾರವನ್ನು ತಿಳಿಸುತ್ತದೆ, ಅಷ್ಟೆ.

ಹಾಗಾದರೆ ನನ್ನ ಹುಡುಕಾಟ ಸುಳ್ಳಾಯಿತೇ? ಮೊದಲು ಹಾಗೇ ಅನ್ನಿಸಿತು. ವಾಪಸು ಬರುವಾಗ ಗಾಡಿಯಲ್ಲಿ ನಿಂತು ಯೋಚಿಸಿದೆ. ಜೈನಧರ್ಮಕ್ಕೆ ಒಲಿದಿದ್ದ ದೊರೆ, ಅವನ ರಾಜ್ಯದಲ್ಲಿ ಬೌದ್ಧರ ಬೆಟ್ಟ, ಆ ಬೆಟ್ಟಕ್ಕೆ ದೂರದೇಶದವನ ದುಡ್ಡು. ಕವಿರಾಜಮಾರ್ಗ ನಾಡಿನ ಗಡಿ ಹೇಳುತ್ತದೆ, ಜೊತೆಗೆ ಅನ್ಯರ ವಿಚಾರವನ್ನೂ ಧರ್ಮವನ್ನೂ ಸೈರಿಸಬೇಕೆಂದೂ ಹೇಳುತ್ತದೆ. ತರಗತಿಯಲ್ಲಿ ನಾನು ಗಡಿಯನ್ನಷ್ಟೇ ಬಾಯಿಪಾಠ ಮಾಡಿದ್ದೆ.

ಇನ್ನೊಂದು ಮಾತು. ಅವಿಘ್ನಾಕರನಿಗೆ ಈ ಊರು ಸ್ವಂತದ್ದಲ್ಲ, ಭಾಷೆಯೂ ಬೇರೆ. ಆದರೂ ತನ್ನ ನಂತರ ಬರುವವರು ಕೂತು ಧ್ಯಾನ ಮಾಡಲಿ ಅಂತ ಕೋಣೆಗೆ ಹಣ ಇಟ್ಟ. ಠಾಣೆ, ಕಲ್ಯಾಣ, ಡೊಂಬಿವಿಲಿಗಳಲ್ಲಿ ಹೊಟ್ಟೆಪಾಡಿಗೆ ಬಂದು ನೆಲೆಸಿದ ನಮ್ಮ ಮನೆಯವರ ಹಾಗೆ ಅವನೂ ದೂರದಿಂದ ಬಂದವನು. ಆ ಶಾಸನದಲ್ಲಿ ನಮ್ಮವರು ಯಾರು ಅಂತ ಈಗ ಯಾರಾದರೂ ಕೇಳಿದರೆ, ನೃಪತುಂಗನ ಜೊತೆಗೆ ಅವನ ಹೆಸರನ್ನೂ ಹೇಳುತ್ತೇನೆ.

ಗೆಳೆಯರೇ, ನೀವೂ ಹೋಗಿ ಬನ್ನಿ. ಟಿಪ್ಪಣಿ ಮಾತ್ರ ನನ್ನ ಹಾಗೆ ಅರ್ಧಂಬರ್ಧ ಬರಕೊಳ್ಳಬೇಡಿ!