ಗೂಡಿನ ಬಾಗಿಲು ತೆರೆದೇ ಇರಲಿ

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟ. ಪಕ್ಕದ ಮನೆಯವರ ರಾಗಿ ಹುಲ್ಲಿನ ಮೆದೆ ಬುಡದಲ್ಲಿ ನಾಯಿ ಮರಿ ಹಾಕಿತ್ತು. ಎರಡು ತಿಂಗಳ ಗಂಡು ಮರಿಯೊಂದನ್ನು ಮಗಳು ಎತ್ತಿಕೊಂಡು ಬಂದಿದ್ದಾಳೆ. ನಡುಮನೆ, ಅಡುಗೆಮನೆ ಎಲ್ಲ ಆಯಿತು, ಮೊನ್ನೆ ದೇವರಮನೆ ಹೊಸ್ತಿಲ ಮೇಲೂ ಉಚ್ಚೆ ಮಾಡಿತು. ಬೆಂಗಳೂರಿನಲ್ಲಿರುವ ನನ್ನ ತಮ್ಮ ‘ಒಂದು ಕ್ರೇಟ್ ತರಿಸು, ಹದಿನೈದು ದಿನಕ್ಕೆ ಕಲಿತುಬಿಡುತ್ತೆ’ ಅನ್ನುತ್ತಾನೆ. ನಮ್ಮ ಅತ್ತೆ ‘ಭೈರವನ ವಾಹನ ಅದು, ಗೂಡಿಗೆ ಹಾಕಿ ಬೀಗ ಹಾಕಿದರೆ ಪಾಪ, ಬಾಗಿಲ ಹತ್ತಿರ ಚೈನ್ ಹಾಕಿ ಕಟ್ಟು’ ಅನ್ನುತ್ತಾರೆ. ಹಗಲಲ್ಲಿ ನಾವಿಬ್ಬರೂ ಬಾಶೆಟ್ಟಿಹಳ್ಳಿ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತೇವೆ. ಯಾರ ಮಾತು ಕೇಳಲಿ?

ಉತ್ತರ: ಮರಿಯನ್ನು ಗೂಡಿಗೆ ಹಾಕಿ ಮರೆತುಬಿಡುವುದು ತಪ್ಪು ಅನ್ನುವುದರಲ್ಲಿ ನಿಮ್ಮ ಅತ್ತೆಯವರು ಸರಿ. ಕ್ರೇಟ್ ಇದ್ದರೆ ಕಲಿಸುವುದು ಸುಲಭ ಅನ್ನುವುದರಲ್ಲಿ ನಿಮ್ಮ ತಮ್ಮ ಸರಿ. ಆದರೆ ಕಲಿಸುವವರು ಯಾರು ಅನ್ನುವುದನ್ನು ಇಬ್ಬರೂ ಹೇಳಲಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಬೆಳಿಗ್ಗೆ ಹನ್ನೊಂದಕ್ಕೂ ಮಧ್ಯಾಹ್ನ ಮೂರಕ್ಕೂ ಮನೆಯಲ್ಲಿರುವುದು ನಿಮ್ಮ ಅತ್ತೆ ಒಬ್ಬರೇ. ಹಾಗಾಗಿ ಈ ಮರಿಗೆ ಮೇಷ್ಟ್ರು ಅವರೇ. ಅವರ ಮನಸ್ಸಿಗೆ ಒಪ್ಪದ ಕ್ರೇಟು ನಿಮ್ಮ ಮನೆಯಲ್ಲಿ ಕೆಲಸ ಮಾಡುವುದಿಲ್ಲ. ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ಮೊದಲು ಮರಿಯ ಸ್ವಭಾವ ತಿಳಿಯಬೇಕು. ಹುಟ್ಟಿದ ಹೊಸತರಲ್ಲಿ ಮರಿಗೆ ತಾನಾಗಿ ಉಚ್ಚೆ ಮಾಡಲೂ ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ, ಆಗಿದ್ದನ್ನು ತಾನೇ ನೆಕ್ಕಿ ಚೊಕ್ಕಟ ಮಾಡುತ್ತದೆ. ಅದಕ್ಕೇ ಬೀದಿನಾಯಿ ಮರಿ ಹಾಕಿದ ಜಾಗ ಮೊದಲ ವಾರಗಳಲ್ಲಿ ನಾವು ಅಂದುಕೊಂಡಷ್ಟು ಗಲೀಜಾಗಿರುವುದಿಲ್ಲ. ಮೂರನೇ ವಾರದ ಹೊತ್ತಿಗೆ ಕಾಲು ಗಟ್ಟಿಯಾಗುತ್ತಲೇ ಮರಿ ಮಲಗುವ ಜಾಗ ಬಿಟ್ಟು ತಡವರಿಸುತ್ತ ಆಚೆ ಹೋಗಿ ಮಾಡಲು ಶುರು ಮಾಡುತ್ತದೆ. ಯಾರೂ ಹೇಳಿಕೊಡುವುದಿಲ್ಲ. ಅಮೆರಿಕದ ಬಾರ್ ಹಾರ್ಬರ್‌ನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ನಾಯಿಮರಿಗಳ ಬೆಳವಣಿಗೆಯನ್ನು ಗಮನಿಸಿದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲಿ ತಮ್ಮ ಪುಸ್ತಕ ಪ್ರಕಟಿಸಿದರು. ಎಂಟು-ಒಂಬತ್ತು ವಾರದ ಹೊತ್ತಿಗೆ ಮರಿ ಇಂಥದ್ದೇ ಜಾಗ ಎಂದು ಗೊತ್ತುಮಾಡಿಕೊಳ್ಳಲು ತೊಡಗುತ್ತದೆ ಎಂಬುದು ಅವರು ಕಂಡ ಸಂಗತಿಗಳಲ್ಲೊಂದು. ನಿಮ್ಮ ಮರಿಗೆ ಈಗ ಅದೇ ವಯಸ್ಸು. ಈ ತಿಂಗಳು ಅದು ಎಲ್ಲಿ ಮಾಡಿ ಅಭ್ಯಾಸವಾಗುತ್ತದೋ ಆ ನೆಲವನ್ನೇ ಮುಂದೆಯೂ ಹುಡುಕುತ್ತದೆ.

ಇನ್ನೊಂದು ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಮೆದೆ ಬುಡದಲ್ಲಿ ಹುಟ್ಟಿದ ನಾಟಿ ಮರಿಗೆ ಹುಲ್ಲು ಮಲಗುವುದಕ್ಕೆ, ಆಚೆಯ ಮಣ್ಣು ಒಂದಕ್ಕೆ ಎರಡಕ್ಕೆ ಎಂಬ ಭೇದ ಆಗಲೇ ಗೊತ್ತಿರುತ್ತದೆ. ಅಂಗಡಿಯ ಕಿರಿದಾದ ಕೇಜಿನಲ್ಲಿ ವಾರಗಟ್ಟಲೆ ಇದ್ದ ಮರಿಗೆ ಈ ಭಾಗ್ಯವಿಲ್ಲ. ಬೇರೆ ದಾರಿಯಿಲ್ಲದೆ ತಾನು ಮಾಡಿದ್ದರ ಮೇಲೇ ಮಲಗಿ ಮಲಗಿ ಅದರ ಹೇಸಿಗೆ ಸತ್ತುಹೋಗಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಜಾತಿ ಮರಿ ಕ್ರೇಟಿನಲ್ಲೇ ಎಲ್ಲ ಮಾಡಿಕೊಂಡು ಕೂರುವುದಕ್ಕೆ ಅನೇಕ ಸಲ ಇದೇ ಕಾರಣ. ನಿಮ್ಮ ಮರಿ ಗೊಂದಲಗೊಂಡಿರುವುದು ಟೈಲ್ಸ್ ನೆಲ ಕಂಡು. ಆ ನೆಲದಲ್ಲಿ ಗೂಡು ಯಾವುದು, ಬಯಲು ಯಾವುದು ಎಂದು ಅದಕ್ಕೆ ತಿಳಿಯುತ್ತಿಲ್ಲ. ಮೂಲೆ ಕಂಡರೆ ಅದೇ ಹಿತ್ತಿಲು ಅಂದುಕೊಳ್ಳುತ್ತದೆ.

ಕ್ರೇಟ್ ಮಾಡುವ ಕೆಲಸ ಇಷ್ಟೇ: ‘ಇದು ನೀನು ಮಲಗುವ ಜಾಗ’ ಎಂದು ಗುರುತು ಹಾಕಿಕೊಡುವುದು. ಮಲಗುವ ಜಾಗ ಕೆಡಿಸಬಾರದು ಅನ್ನುವ ಹುಟ್ಟುಗುಣದಿಂದ ಮರಿ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಆ ಸ್ವಲ್ಪ ಹೊತ್ತಿನೊಳಗೆ ನೀವು ಎತ್ತಿಕೊಂಡು ಹೊರಗೆ ಹೋಗಬೇಕು. ಹೋಗದಿದ್ದರೆ ಕ್ರೇಟು ಅಂಗಡಿಯ ಕೇಜೇ ಆಗುತ್ತದೆ, ಮೆದೆ ಬುಡದಲ್ಲಿ ಕಲಿತದ್ದೂ ಮರೆತುಹೋಗುತ್ತದೆ.

ಎಷ್ಟು ಹೊತ್ತು ತಡೆಯುತ್ತದೆ? ವಯಸ್ಸಿನ ತಿಂಗಳಿಗೆ ಒಂದು ಸೇರಿಸಿದರೆ ಬರುವಷ್ಟು ಗಂಟೆ ಎಂದು ನಾಯಿ ಪಳಗಿಸುವವರು ಲೆಕ್ಕ ಹೇಳುತ್ತಾರೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದೂ ಅದರ ಕೈಲಾಗುವ ಕೊನೆಯ ಮಿತಿ, ದಿನವೂ ಅಷ್ಟು ಹೊತ್ತು ಕೂಡಿಹಾಕಿ ಎಂದಲ್ಲ. ಹಗಲಲ್ಲಿ ಒಂದೂವರೆ ಗಂಟೆಗೊಮ್ಮೆ ಹೊರಗೆ ಕರೆದೊಯ್ಯುವುದು ವಾಸಿ. ನಿಮ್ಮ ಶಿಫ್ಟು, ಹೋಗಿಬರುವುದು ಸೇರಿ ಒಂಬತ್ತು ಗಂಟೆ ಎಂದುಕೊಂಡರೆ, ಅಷ್ಟು ಹೊತ್ತು ಬಾಗಿಲು ಹಾಕಿಟ್ಟು ಹೋಗುವುದು ಹಿಂಸೆಯೇ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಮನೆಯೊಳಗೆ ನಾಯಿಯನ್ನು ಹೀಗೆ ಮುಚ್ಚಿದ ಕ್ರೇಟಿನಲ್ಲಿ ಇಡುವುದಕ್ಕೆ ಕಾನೂನಿನ ಕಟ್ಟುಪಾಡೇ ಇದೆ. ನಿಮ್ಮ ಅತ್ತೆಯವರದು ಹಳೆಯ ಕಾಲದ ಯೋಚನೆ ಎಂದು ತಳ್ಳಿಹಾಕುವ ಹಾಗಿಲ್ಲ.

ಆದರೆ ಅವರು ಹೇಳಿದ ಚೈನು ಮಾತ್ರ ಬೇಡ. ಇದನ್ನು ಕೈಮುಗಿದು ಹೇಳುತ್ತೇನೆ. ನಮ್ಮ ಊರುಗಳಲ್ಲಿ ಜಗಲಿ ಕಂಬಕ್ಕೆ ಎರಡಡಿ ಸರಪಳಿ ಹಾಕಿ ಕಟ್ಟಿದ ಮರಿ ಅಲ್ಲೇ ಬೆಳೆದು, ಅಲ್ಲೇ ಮುದಿಯಾಗುವುದನ್ನು ನೋಡಿ ನೋಡಿ ನಮಗೆ ಅದು ಹಿಂಸೆ ಅನ್ನಿಸುವುದೇ ಬಿಟ್ಟುಹೋಗಿದೆ. ಕಟ್ಟಿದ ಮರಿ ಕಟ್ಟಿದಲ್ಲೇ ಮಾಡಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಅದಕ್ಕೆ ಶುಚಿ ಕಲಿಸುವ ಬಾಗಿಲೇ ಮುಚ್ಚಿದ ಹಾಗೆ. ಸಾಲದ್ದಕ್ಕೆ, ಹತ್ತಿರ ಹೋದವರ ಮೇಲೆಲ್ಲ ಎಗರುವ ಸ್ವಭಾವವೂ ಬರುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಓದಿ ನೋಡಿ. ಮಿಸುಕಾಡಲು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದೂ ತಪ್ಪು, ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದೂ ತಪ್ಪು. ಸದಾ ಕಟ್ಟಿಯೋ ಕೂಡಿಯೋ ಇಟ್ಟ ನಾಯಿಯನ್ನು ಓಡಾಡಿಸದೆ ಇರುವುದೂ ಅಲ್ಲಿ ತಪ್ಪೇ.

ಹಾಗಾದರೆ ದಾರಿ? ಕ್ರೇಟು ಇರಲಿ, ಅತ್ತೆ ಮನೆಯಲ್ಲಿರುವಾಗ ಅದರ ಬಾಗಿಲು ತೆರೆದೇ ಇರಲಿ. ಮರಿ ತಾನಾಗಿ ಒಳಗೆ ಹೋಗಿ ಮಲಗಲಿ, ಎದ್ದಾಗ ಬರಲಿ. ಅವರು ಒಲೆ ಮುಂದೆಯೋ ಸ್ನಾನದಲ್ಲೋ ಇದ್ದು ಕಣ್ಣಿಡಲಾಗದ ಅರ್ಧ ಗಂಟೆ ಮಾತ್ರ ಬಾಗಿಲು ಹಾಕಲಿ. ರಾತ್ರಿ ನೀವು ಮಲಗುವಾಗ ಹಾಕಿ. ಇಷ್ಟಕ್ಕೆ ಅವರು ಬೇಡ ಅನ್ನಲಾರರು ಎಂದು ನನ್ನ ನಂಬಿಕೆ.

ದುಬಾರಿ ಕ್ರೇಟೇ ಆಗಬೇಕಿಲ್ಲ. ದೊಡ್ಡಬಳ್ಳಾಪುರದ ಯಾವುದಾದರೂ ವೆಲ್ಡಿಂಗ್ ಅಂಗಡಿಯಲ್ಲಿ ಜಾಲರಿ ಹಾಕಿಸಿ ಮಾಡಿಸಬಹುದು, ಬಡಗಿಯಿಂದ ಮರದ ಪಟ್ಟಿಯಲ್ಲಿ ಹೊಡೆಸಬಹುದು. ಮರಿಯ ಪಂಜವಾಗಲಿ ದವಡೆಯಾಗಲಿ ಸಿಕ್ಕಿಕೊಳ್ಳದಷ್ಟು ಜಾಲರಿ ಸಣ್ಣದಿರಬೇಕು, ವೆಲ್ಡಿಂಗ್ ಮಾಡಿದ ಕಡೆ ಚೂಪು ಉಳಿಯಬಾರದು. ನಿಂತರೆ ತಲೆ ತಾಗಬಾರದು, ತಿರುಗಲು ಆಗಬೇಕು, ಕಾಲು ಚಾಚಿ ಮಲಗಲು ಆಗಬೇಕು. ಅದಕ್ಕಿಂತ ದೊಡ್ಡದು ಬೇಡ. ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಮಾಡುತ್ತದೆ. ಬೆಳೆದ ನಾಯಿಯ ಅಳತೆಗೇ ಮಾಡಿಸಿದ್ದರೆ ಈಗ ನಡುವೆ ಹಲಗೆ ಅಡ್ಡ ಇಟ್ಟು, ಮರಿ ಬೆಳೆದಂತೆ ಹಲಗೆ ಹಿಂದೆ ಸರಿಸಿ. ಒಳಗೆ ಬಿಡುವಾಗ ಕೊರಳಪಟ್ಟಿ ಬಿಚ್ಚಿ, ಜಾಲರಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಹಾಸಲು ಹಳೇ ಗೋಣಿಚೀಲವೋ ಕಂಬಳಿಯ ತುಂಡೋ ಸಾಕು. ಒಳಗೆ ಪೇಪರ್ ಹಾಸಬೇಡಿ, ಪೇಪರ್ ಮೇಲೆ ಮಾಡಬೇಕೆಂದು ಕಲಿತುಬಿಡುತ್ತದೆ. ಶೀಟ್ ಮನೆಯಾದರೆ ಮಾರ್ಚ್-ಏಪ್ರಿಲ್‌ನ ಮಧ್ಯಾಹ್ನ ಆ ಶೀಟಿನ ಕೆಳಗೆ ಕ್ರೇಟ್ ಇಡಲೇಬಾರದು. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರಿ ತಣಿಯಲು ಬರುವುದಿಲ್ಲ, ಅದು ಏದುಸಿರು ಬಿಟ್ಟೇ ಸೆಕೆ ಕಳೆದುಕೊಳ್ಳಬೇಕು.

ನಿಮ್ಮ ಸುತ್ತಿನಲ್ಲಿ ಮಗ್ಗದ ಮನೆಗಳು ಬಹಳ, ಆದ್ದರಿಂದ ಒಂದು ಮಾತು. ಮಗ್ಗದಿಂದ ಉಳಿದ ರೇಷ್ಮೆ ಎಳೆ, ಜರಿ ತುಂಡು, ನೂಲಿನ ಉಂಡೆ ಇವನ್ನು ಮೆತ್ತಗಿದೆ ಎಂದು ಗೂಡಿಗೆ ಹಾಸಬೇಡಿ. ಮರಿ ಎಳೆ ನುಂಗಿದರೆ ಅದರ ಒಂದು ತುದಿ ಎಲ್ಲೋ ಸಿಕ್ಕಿಕೊಂಡು, ಕರುಳು ನೆರಿಗೆ ಹಿಡಿದಂತೆ ಸುಕ್ಕಾಗಿ ಕತ್ತರಿಸಿಹೋಗುವುದುಂಟು. ಆಗ ಆಪರೇಷನ್ ಬಿಟ್ಟರೆ ಗತಿಯಿಲ್ಲ. ಗುದದ್ವಾರದಲ್ಲಿ ದಾರ ಕಂಡರೆ ಎಳೆಯದೆ ಡಾಕ್ಟರ ಬಳಿಗೆ ಒಯ್ಯಿರಿ.

ಕ್ರೇಟ್ ತಂದ ದಿನವೇ ಮರಿಯನ್ನು ಒಳಗೆ ತಳ್ಳಿ ಚಿಲಕ ಹಾಕಬೇಡಿ. ಅದರ ಊಟದ ತಟ್ಟೆಯನ್ನು ಮೊದಲು ಬಾಗಿಲ ಹತ್ತಿರ, ಆಮೇಲೆ ಒಳಗೆ, ಆಮೇಲೆ ಹಿಂದಿನ ಗೋಡೆಗೆ ಇಡುತ್ತ ಬನ್ನಿ. ಒಳಗೆ ತಿನ್ನುವಾಗ ಒಂದು ನಿಮಿಷ ಬಾಗಿಲು ಮುಚ್ಚಿ, ಅದು ಅಳುವ ಮೊದಲೇ ತೆಗೆಯಿರಿ. ಮರುದಿನ ಐದು ನಿಮಿಷ. ಮಗಳು ಸಿಟ್ಟಿನಲ್ಲಿ ‘ಹೋಗು ಗೂಡಿಗೆ’ ಎಂದು ಶಿಕ್ಷೆಗೆ ಬಳಸದ ಹಾಗೆ ನೋಡಿಕೊಳ್ಳಿ. ಮರಿ ಒಳಗೆ ಮಲಗಿರುವಾಗ ಮಕ್ಕಳು ಕೈಹಾಕಿ ಎಳೆಯಲೂ ಬಾರದು.

ಈಗ ಅತ್ತೆಯವರ ಪಾಲಿನ ಕೆಲಸ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಹತ್ತಿಪ್ಪತ್ತು ನಿಮಿಷಕ್ಕೆ, ಆಟದ ನಡುವೆ, ಮಲಗುವ ಮುಂಚೆ ಮರಿಗೆ ಬಂದೇ ಬರುತ್ತದೆ. ಹೊಟ್ಟೆಗೆ ಅನ್ನ ಬೀಳುತ್ತಲೇ ಕರುಳು ಮಿಸುಕಾಡಲು ತೊಡಗುವುದೇ ಊಟವಾದ ಮೇಲೆ ಬರುವುದಕ್ಕೆ ಕಾರಣ. ಹೊತ್ತು ನೋಡುವುದರ ಜೊತೆಗೆ ಮರಿಯನ್ನೂ ನೋಡಬೇಕು. ಚೆಂಡು ಕಚ್ಚಿ ಎಳೆದಾಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಅದನ್ನು ಬಿಡುತ್ತದೆ. ಮೂಗು ನೆಲಕ್ಕೆ ಹೋಗುತ್ತದೆ. ಅಕ್ಕಿ ಮೂಟೆಯ ಹಿಂದಕ್ಕೋ ಬೀರುವಿನ ಸಂದಿಗೋ ಅವಸರದಲ್ಲಿ ನಡೆಯುತ್ತದೆ, ಒಂದು ಸುತ್ತು ಸುತ್ತುತ್ತದೆ, ಹಿಂಗಾಲು ಸ್ವಲ್ಪ ಬಗ್ಗುತ್ತದೆ. ಮೂಗು ನೆಲಕ್ಕೆ ಹೋದಾಗಲೇ ಎತ್ತಿಕೊಂಡರೆ ನೀವು ಗೆದ್ದಿರಿ. ಎತ್ತಿಕೊಂಡ ಮರಿ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ನಡೆಸಿಕೊಂಡು ಹೋದರೆ ಹೊಸ್ತಿಲಲ್ಲೇ ಆಗಿಹೋಗುತ್ತದೆ. ದಿನವೂ ಅದೇ ಬಾಗಿಲಿಂದ, ಹಿತ್ತಿಲಿನ ಅದೇ ಮೂಲೆಗೆ ಒಯ್ದು ಮಣ್ಣಿನ ಮೇಲೆ ಬಿಟ್ಟು, ಅದೇ ಮಾತು ಹೇಳಿ. ‘ಹೂಂ, ಮಾಡು ಮಗ’ ಅಂದರೂ ಸರಿ. ಆಟವಾಡಿಸದೆ ನಿಂತುಕೊಳ್ಳಿ. ಮಾಡಿ ಮುಗಿಸಿದ ಆ ಕ್ಷಣದಲ್ಲೇ ತಲೆ ಸವರಿ ಒಂದು ಚೂರು ಬೇಯಿಸಿದ ಮೊಟ್ಟೆ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಿರಿ ಅಂದುಕೊಳ್ಳುತ್ತದೆ. ಬಹುಮಾನಕ್ಕೆಂದು ದ್ರಾಕ್ಷಿ ಮಾತ್ರ ಬೇಡ. ನಿಮ್ಮ ಕಡೆ ಬೆಂಗಳೂರು ನೀಲಿ ದ್ರಾಕ್ಷಿ ತೋಟಗಳಿವೆ, ಬುಟ್ಟಿ ಎಲ್ಲೆಂದರಲ್ಲಿ ಇರುತ್ತದೆ. ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡವೇ ಕೆಡಬಹುದು.

ರಾತ್ರಿ ಕ್ರೇಟನ್ನು ನೀವು ಮಲಗುವ ಕಡೆಯೇ ಇಡಿ. ಒಡಹುಟ್ಟಿದ ಮರಿಗಳ ಬಿಸಿಯಲ್ಲಿ ಮಲಗುತ್ತಿದ್ದದ್ದು ಒಂಟಿಯಾಗಿದೆ, ಮೊದಲ ರಾತ್ರಿಗಳಲ್ಲಿ ಅಳುತ್ತದೆ. ನಡುರಾತ್ರಿ ಎದ್ದು ಕುಂಯ್‌ಗುಟ್ಟಿದರೆ ದೀಪ, ಮಾತು, ಆಟ ಏನೂ ಇಲ್ಲದೆ ಹಿತ್ತಿಲಿಗೆ ಒಯ್ದು, ಮಾಡಿಸಿ, ವಾಪಸ್ ಮಲಗಿಸಿ. ಅತ್ತಷ್ಟೂ ಅಳಲಿ, ತಾನೇ ಸುಮ್ಮನಾಗುತ್ತದೆ ಅನ್ನುವ ಸಲಹೆಯನ್ನು ಈ ವಯಸ್ಸಿನ ಮರಿಯ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಅದು ಕರೆಯುತ್ತಿರುವುದು ಹೊರಗೆ ಹೋಗಬೇಕೆಂದು. ನೀವು ಹೋಗದಿದ್ದರೆ ಕರೆಯುವುದನ್ನೇ ಬಿಡುತ್ತದೆ.

ಊಟ ಹೊತ್ತಿಗೆ ಸರಿಯಾಗಿ ದಿನಕ್ಕೆ ಮೂರು ಸಲ ಕೊಟ್ಟರೆ ಹೊರಗೆ ಹೋಗುವುದೂ ಹೊತ್ತಿಗೆ ಸರಿಯಾಗಿ ಆಗುತ್ತದೆ. ತಟ್ಟೆ ಇಡೀ ದಿನ ಇಟ್ಟಿರಬೇಡಿ, ನೀರು ಮಾತ್ರ ಸದಾ ಇರಲಿ. ಹಸುವಿನ ಹಾಲು ಅನೇಕ ಮರಿಗಳಿಗೆ ಒಗ್ಗದೆ ಭೇದಿಯಾಗುತ್ತದೆ. ಭೇದಿಯಾದ ಮರಿಗೆ ತಡೆದುಕೋ ಎಂದು ಕಲಿಸಲು ಯಾರಿಂದಲೂ ಆಗದು. ಮುದ್ದೆ, ಮೊಸರು, ಮೊಟ್ಟೆ ಕೊಡಬಹುದು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು ಬೇಡ.

ಒಳಗೆ ಮಾಡಿಬಿಟ್ಟರೆ? ಮೂತಿ ಒರೆಸಬೇಡಿ, ಕಡ್ಡಿಯಲ್ಲಿ ಹೊಡೆಯಬೇಡಿ. ‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿದರೆ ತಿಳಿಯುತ್ತೆ’ ಎಂದು ಎಲ್ಲರೂ ಹೇಳುತ್ತಾರೆ. ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. ತಿನ್ನಬೇಡ ಎಂದದ್ದನ್ನು ತಿಂದ ನಾಯಿಗೂ ತಿನ್ನದ ನಾಯಿಗೂ ಆ ತಪ್ಪಿತಸ್ಥ ಮುಖದಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಜಮಾನರು ಗದರಿದಾಗ ಮಾತ್ರ ಆ ಮುಖ ಹೆಚ್ಚಾಗಿ ಬರುತ್ತಿತ್ತು. ಅಂದರೆ ನಾವು ತಪ್ಪೊಪ್ಪಿಗೆ ಅಂದುಕೊಳ್ಳುವುದು ಹೆದರಿಕೆ. ಹೊಡೆತ ತಿಂದ ಮರಿ ನಿಮ್ಮ ಎದುರು ಮಾಡಬಾರದು ಎಂಬುದನ್ನಷ್ಟೇ ಕಲಿತು ಮಂಚದಡಿ ಮಾಡುತ್ತದೆ, ಹಿತ್ತಿಲಿಗೆ ಒಯ್ದರೂ ನಿಮ್ಮೆದುರು ಮಾಡದೆ ನಿಲ್ಲುತ್ತದೆ.

ನೆಲವನ್ನು ಬಟ್ಟೆಯಲ್ಲಿ ಒತ್ತಿ ಹೀರಿಸಿ, ಸೋಪಿನ ನೀರಲ್ಲಿ ತೊಳೆದು, ಆಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ಮರಿಗೆ ಉಚ್ಚೆಯದೇ ವಾಸನೆ. ಫಿನಾಯಿಲ್ ಹಸಿಯಾಗಿರುವ ನೆಲದಲ್ಲೂ ಓಡಾಡಲು ಬಿಡಬೇಡಿ, ಪಾದ ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ.

ಹಿತ್ತಿಲು ಅಂದೆ, ಬೀದಿ ಅನ್ನಲಿಲ್ಲ, ಅದಕ್ಕೆ ಕಾರಣವಿದೆ. ಮರಿಗಳಿಗೆ ಮಾರಕವಾದ ಪಾರ್ವೊ ವೈರಸ್ಸು ಕಾಯಿಲೆಯ ನಾಯಿಯ ಮಲದಿಂದ ಮಣ್ಣಿಗೆ ಸೇರಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ನಿಮ್ಮೂರ ಬೌದ್ಧ ಚೈತ್ಯ ಅಗೆದು ತೆಗೆದ ದಿಬ್ಬದ ಕಡೆಗೆ ಸಂಜೆ ವಾಕಿಂಗ್ ಕರೆದೊಯ್ಯುವ ಆಸೆ ಮಗಳಿಗಿದ್ದರೆ, ಅದೆಲ್ಲ ಮುಗಿಯುವ ತನಕ ಕಾಯಲಿ. ಜಂತುಹುಳುವಿನ ಔಷಧಿಯನ್ನೂ ಮರೆಯಬೇಡಿ. ಮರಿಯ ಹೊಟ್ಟೆಯ ದುಂಡುಹುಳುವಿನ ಮೊಟ್ಟೆ ಮಣ್ಣಿನಿಂದ ಮಕ್ಕಳ ಬಾಯಿಗೆ ಹೋಗಬಹುದು. ಹಿತ್ತಿಲ ಮೂಲೆಯ ಮಲವನ್ನು ದಿನವೂ ತೆಗೆದು, ಸೊಪ್ಪಿನ ಮಡಿಗಳಿಂದ ದೂರ ಹೂಳಿ.

ಹದಿನೈದು ದಿನಕ್ಕೆ ಕಲಿಯುತ್ತದೆಯೇ? ಆ ಹೊತ್ತಿಗೆ ಬಾಗಿಲ ಕಡೆ ನೋಡುವುದನ್ನು ಕಲಿತರೆ ಸಂತೋಷಪಡಿ. ಪೂರ್ತಿ ನಂಬಿಕೆ ಬರಲು ನಾಲ್ಕರಿಂದ ಆರು ತಿಂಗಳು ಹಿಡಿಯುವುದು ಸಾಮಾನ್ಯ, ನಡುವೆ ಹಿಂದೆ ಬೀಳುವುದೂ ಸಾಮಾನ್ಯ. ನೀವು ಮನೆಗೆ ಬಂದಾಗ ಖುಷಿಗೋ ಹೆದರಿಕೆಗೋ ಎರಡು ಹನಿ ಬಿಟ್ಟರೆ ಅದು ಅಭ್ಯಾಸದ ದೋಷವಲ್ಲ. ಗದರದೆ, ಬಗ್ಗಿ ಮುಟ್ಟದೆ, ಅದು ಶಾಂತವಾದ ಮೇಲೆ ಮಾತಾಡಿಸಿ, ದೊಡ್ಡದಾದಂತೆ ಹೋಗುತ್ತದೆ. ಆದರೆ ಚೆನ್ನಾಗಿ ಕಲಿತಿದ್ದ ಮರಿ ಪದೇ ಪದೇ ಸ್ವಲ್ಪಸ್ವಲ್ಪವೇ ಉಚ್ಚೆ ಮಾಡುತ್ತಿದ್ದರೆ, ಮಾಡುವಾಗ ನರಳಿದರೆ, ಕೆಂಪು ಕಂಡರೆ, ಇಲ್ಲವೇ ಮಲಗಿದಲ್ಲೇ ಗೊತ್ತಿಲ್ಲದೆ ಸೋರುತ್ತಿದ್ದರೆ ಅದು ಪಾಠದ ವಿಷಯವಲ್ಲ. ಅಂದೇ ದೊಡ್ಡಬಳ್ಳಾಪುರದ ಪಶು ಆಸ್ಪತ್ರೆಗೆ ಕರೆದೊಯ್ದು ಮೂತ್ರ ಪರೀಕ್ಷೆ ಮಾಡಿಸಿ.