ಇಂದಿನ ಧಮ್ಮ ಚಿಂತನೆ: ಗಿಟಾರಿನಲ್ಲಿ ಬಂದ ಗುಡುಗುಡಿ





ಇಂದಿನ ಪಾಠವನ್ನು ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. ಆ ದಿನ ಅಲ್ಲಿದ್ದವರಿಗೆ ನೆನಪಿರುತ್ತದೆ.

ಬುದ್ಧ ಪೂರ್ಣಿಮೆಗೆ ಇನ್ನೂ ಕೆಲವು ವಾರ ಇತ್ತು. ಪೀಣ್ಯದಲ್ಲಿ ನಮ್ಮ ಬಳಗದವರ ಮನೆಯ ಮಹಡಿ ಮೇಲೆ ಎಂದಿನಂತೆ ಭಾನುವಾರ ಸೇರಿದ್ದೆವು. ಕಾರ್ಯಕ್ರಮದಲ್ಲಿ ಹುಡುಗರು ಏನು ಹಾಡುತ್ತಾರೆ ಎಂಬ ಮಾತು ಬಂತು. ನನ್ನ ಮಗ ಗಿಟಾರು ತೆಗೆದ. ಅವನಿಗೆ ವೈಟ್‌ಫೀಲ್ಡ್ ಕಡೆ ನೈಟ್ ಶಿಫ್ಟ್ ಕೆಲಸ. ನಿದ್ದೆಗಣ್ಣಲ್ಲೇ ಬಂದಿದ್ದ. ರಘು ದೀಕ್ಷಿತ್ ರಾಕ್ ಶೈಲಿಯಲ್ಲಿ ಹಾಡಿರುವ ‘ಗುಡುಗುಡಿಯ ಸೇದಿ ನೋಡೋ’ ಹಾಡನ್ನು ಜೋರಾಗಿ ಎತ್ತಿಕೊಂಡ.

ಒಂದು ನುಡಿ ಮುಗಿಯುವಷ್ಟರಲ್ಲಿ ಹಿರಿಯರೊಬ್ಬರು, “ಏನಪ್ಪಾ ಇದು, ಪಂಚಶೀಲ ಹೇಳೋ ಜಾಗದಲ್ಲಿ ಹೊಗೆ ಸೇದೋ ಹಾಡಾ?” ಎಂದರು. ನನಗೆ ಮುಖ ಕೆಂಪಾಯಿತು. “ನಿಲ್ಸು. ಕೊನೇಲಿ ದೇವರ ಹೆಸರೂ ಬರುತ್ತೆ ಅದರಲ್ಲಿ. ಇಪ್ಪತ್ತೆರಡು ಪ್ರತಿಜ್ಞೆ ತಗೊಂಡಿರೋ ಮನೆ ನಮ್ಮದು” ಎಂದು ಎಲ್ಲರ ಮುಂದೆ ಗದರಿಸಿದೆ. ಅವನು ಏನೂ ಹೇಳಲಿಲ್ಲ. ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. ಮುಂದಿನ ಮೂರು ಭಾನುವಾರ ಬಳಗಕ್ಕೆ ಬರಲಿಲ್ಲ. ಮನೆಯಲ್ಲಿ ಒಂದೇ ಒಂದು ಮಾತು ಕೇಳಿದ: “ಅಪ್ಪಾ, ಆ ಹಾಡು ಪೂರ್ತಿ ಕೇಳಿದ್ದೀಯಾ ನೀನು?”

ಕೇಳಿರಲಿಲ್ಲ.

ನನ್ನ ಸಿಟ್ಟಿಗೆ ಕಾರಣ ಇತ್ತು. ನಮ್ಮಪ್ಪ ಊರ ಜಾತ್ರೆಯಲ್ಲಿ ತಮಟೆ ಬಾರಿಸುತ್ತಿದ್ದರು. ಬೆಂಕಿಗೆ ಹಿಡಿದು ಚರ್ಮ ಕಾಯಿಸಿ, ರಾತ್ರಿಯೆಲ್ಲ ದೇವರ ಮುಂದೆ ಬಾರಿಸಿ, ಬೆಳಿಗ್ಗೆ ಗುಡಿಯ ಬಾಗಿಲಾಚೆ ನಿಂತು ಅನ್ನ ಇಸಿದುಕೊಳ್ಳುತ್ತಿದ್ದರು. ದೀಕ್ಷೆ ತೆಗೆದುಕೊಂಡ ಮೇಲೆ ತಮಟೆ ಮುಟ್ಟಲಿಲ್ಲ. ಹಾಡಿನಲ್ಲಿ ದೇವರ ಹೆಸರು ಕೇಳಿದರೆ ನನಗೆ ಇವತ್ತಿಗೂ ಕಾಣುವುದು ಆ ಬಾಗಿಲೇ. ನಮ್ಮಲ್ಲಿ ಹಲವರಿಗೆ ಹೀಗೇ ಇರುತ್ತದೆ. ಅದು ತಪ್ಪಲ್ಲ. ಆದರೆ ಪೂರ್ತಿ ಕೇಳದೆ ತೀರ್ಪು ಕೊಟ್ಟಿದ್ದು ತಪ್ಪು.

ಒಂದು ದಿನ ಕಾಡುಗೋಡಿಯ ನೆಂಟರ ಮನೆಗೆ ಹೋಗಬೇಕಿತ್ತು. ಪೀಣ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ನೇರಳೆ ಮಾರ್ಗದ ತುದಿವರೆಗೆ ಪ್ರಯಾಣ. ಮಗನ ಇಯರ್‌ಫೋನ್ ಕಿವಿಗಿಟ್ಟು ಆ ಹಾಡನ್ನೇ ಮತ್ತೆ ಮತ್ತೆ ಕೇಳಿದೆ.

*ಹಾಡು ಯಾರದು?*

ರಘು ದೀಕ್ಷಿತ್ ಇದನ್ನು 2008ರ ತಮ್ಮ ಮೊದಲ ಆಲ್ಬಂನಲ್ಲಿ ಹಾಡಿದರು. ಮಾತುಗಳು ಮಾತ್ರ ಶಿಶುನಾಳ ಶರೀಫರವು (1819–1889). ಇವತ್ತಿನ ಹಾವೇರಿ ಜಿಲ್ಲೆಯ ಶಿಶುನಾಳದ ಮುಸ್ಲಿಂ ಮನೆತನದವರು. ಅವರ ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಇವತ್ತಿಗೂ ಶರೀಫರ ಗದ್ದುಗೆಗೆ ಎರಡೂ ಧರ್ಮದವರು ಹೋಗುತ್ತಾರೆ. ನಮ್ಮ ತಲೆಮಾರಿಗೆ ಅವರ ಪದಗಳನ್ನು ಮುಟ್ಟಿಸಿದವರು ಸಿ. ಅಶ್ವತ್ಥ್. ಈಗಿನ ಹುಡುಗರಿಗೆ ಮುಟ್ಟಿಸುತ್ತಿರುವುದು ಗಿಟಾರು, ಡ್ರಮ್ಸು.

ಗುಡುಗುಡಿ ಎಂದರೆ ಹುಕ್ಕಾ. ಹಳ್ಳಿಯ ಜಗಲಿಯಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ವಸ್ತು. ಶರೀಫರು ಅದನ್ನು ಎತ್ತಿಕೊಂಡು ಅದರ ಒಂದೊಂದು ಭಾಗಕ್ಕೂ ಬೇರೆ ಅರ್ಥ ಕೊಡುತ್ತಾರೆ. ಬುರುಡೆ ಎಂದರೆ ಈ ಶರೀರ. ಸುಡಬೇಕಾದ ಸರಕು ಎಂದರೆ ಮೋಹ. ಸುಡುವ ಬೆಂಕಿ ಎಂದರೆ ಬುದ್ಧಿ. ಇಷ್ಟು ಮಾಡಿದರೆ ಒಳಗಿನ ರೋಗ ಹೋಗುತ್ತದೆ ಎನ್ನುವುದು ಹಾಡಿನ ತಿರುಳು. ತಂಬಾಕು ಸೇದು ಎಂದು ಅದು ಎಲ್ಲೂ ಹೇಳುವುದಿಲ್ಲ. ನಾನು ಹುಕ್ಕಾ ನೋಡಿ ಕೂತೆ, ಅದರೊಳಗೆ ಏನು ಸುಡುತ್ತಿದೆ ಎಂದು ನೋಡಲಿಲ್ಲ.

*ಬುದ್ಧರು ಬೆಂಕಿಯನ್ನು ಏನು ಮಾಡಿದರು?*

ಆಗ ನೆನಪಾಗಿದ್ದು ನಾವೇ ಓದಿದ್ದ ಆದಿತ್ತಪರಿಯಾಯ ಸುತ್ತ. ಗಯಾಸೀಸದಲ್ಲಿ ಬುದ್ಧರ ಮುಂದೆ ಕೂತಿದ್ದ ಸಾವಿರ ಭಿಕ್ಖುಗಳು ಅದಕ್ಕೆ ಮುಂಚೆ ಅಗ್ನಿಪೂಜೆ ಮಾಡುತ್ತಿದ್ದ ಜಟಿಲರು. ಉರುವೇಲ ಕಸ್ಸಪನ ಕಡೆಯವರು 500, ನದೀ ಕಸ್ಸಪನ ಕಡೆಯವರು 300, ಗಯಾ ಕಸ್ಸಪನ ಕಡೆಯವರು 200. ಅವರ ಮುಂದೆ ಬುದ್ಧರು ಬೆಂಕಿಯ ಮಾತೇ ಬೇಡ ಎನ್ನಲಿಲ್ಲ. ಅವರು ದಿನಾ ಪೂಜಿಸುತ್ತಿದ್ದ ಅದೇ ಬೆಂಕಿಯನ್ನು ಎತ್ತಿಕೊಂಡರು. ಕಣ್ಣು, ಕಿವಿ, ಮೂಗು, ನಾಲಗೆ, ದೇಹ, ಮನಸ್ಸು ಎಲ್ಲ ಹೊತ್ತಿ ಉರಿಯುತ್ತಿವೆ, ರಾಗ, ದ್ವೇಷ, ಮೋಹಗಳಿಂದ ಉರಿಯುತ್ತಿವೆ ಎಂದು ತೋರಿಸಿದರು. ಕುಂಡದಲ್ಲಿದ್ದ ಬೆಂಕಿಯನ್ನು ಅವರವರ ಒಳಗೇ ಕಾಣಿಸಿದರು.

ಒಂದು ವ್ಯತ್ಯಾಸ ಗಮನಿಸಿ. ಸುತ್ತದಲ್ಲಿ ಮೋಹವೇ ಬೆಂಕಿ, ಅದು ಆರಬೇಕು. ಶರೀಫರಲ್ಲಿ ಬುದ್ಧಿ ಬೆಂಕಿ, ಮೋಹ ಅದರಲ್ಲಿ ಸುಡಬೇಕು. ಚಿತ್ರ ಉಲ್ಟಾ ಆಗಿದೆ. ಆದರೆ ಎರಡರಲ್ಲೂ ಇಲ್ಲವಾಗಬೇಕಾದದ್ದು ಮೋಹವೇ. ಆದ್ದರಿಂದ ಹಾಡಿನಲ್ಲಿ ಬರುವ ವಸ್ತುವನ್ನು ಹಿಡಿದು ಜಗಳ ಆಡಬಾರದು, ಅದು ನಮ್ಮಿಂದ ಏನು ಬಿಡಿಸುತ್ತದೆ ಎಂದು ನೋಡಬೇಕು.

ನಾನು ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಕೆಲಸ ಮಾಡುವವನು. ಬರ್ನರ್ ಆರಿಸಲು ಯಾರೂ ಬೆಂಕಿಗೆ ಬಾಯಲ್ಲಿ ಊದುವುದಿಲ್ಲ, ಡೀಸೆಲ್ ವಾಲ್ವ್ ಮುಚ್ಚುತ್ತಾರೆ. ಪಾಳಿಯ ‘ಉಪಾದಾನ’ ಎಂಬ ಪದಕ್ಕೆ ಅಂಟಿಕೊಳ್ಳುವುದು ಎಂಬ ಅರ್ಥವೂ ಇದೆ, ಉರುವಲು ಎಂಬ ಅರ್ಥವೂ ಇದೆ. ನನ್ನ ಉರುವಲು ಯಾವುದು ಎಂದು ಮೆಟ್ರೊದಲ್ಲಿ ಯೋಚಿಸಿದೆ. ಅವತ್ತು ಮಗನನ್ನು ಗದರಿಸಿದ್ದು ಧಮ್ಮಕ್ಕಾಗಿ ಅಲ್ಲ. ‘ಇವನು ಕಟ್ಟಾ ಉಪಾಸಕ’ ಎಂದು ಬಳಗದವರು ಅಂದುಕೊಂಡಿರುವ ನನ್ನ ಹೆಸರಿಗಾಗಿ. ಉರಿಯುತ್ತಿದ್ದದ್ದು ನಾನೇ.

*ತಂತಿ ವಾದ್ಯ ಮತ್ತು ಭಗವಾನರು*

ದೀಘನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ಪಂಚಸಿಖನೆಂಬ ಗಂಧರ್ವ ವೀಣೆ ಹಿಡಿದು ಬುದ್ಧರ ಬಳಿ ಹಾಡುತ್ತಾನೆ. ಗಂಧರ್ವರು ಇದ್ದರೇ ಎಂಬ ಚರ್ಚೆ ನಮಗೆ ಬೇಡ, ಕಥೆಯ ತಿರುಳು ನೋಡೋಣ. ಅವನು ಹಾಡಿದ್ದು ಪ್ರೇಮಗೀತೆ. ತನ್ನ ಹುಡುಗಿಯ ಮೇಲಿನ ಆಸೆಯನ್ನು ಹೇಳಲು ಅರ್ಹಂತರನ್ನೂ ಧಮ್ಮವನ್ನೂ ಹೋಲಿಕೆಗೆ ತರುತ್ತಾನೆ. ಇವತ್ತಾಗಿದ್ದರೆ ನಮ್ಮ ಗುಂಪಿನಲ್ಲಿ ದೊಡ್ಡ ರಂಪ ಆಗುತ್ತಿತ್ತು. ಬುದ್ಧರು ಗದರಲಿಲ್ಲ. ತಂತಿಯ ನಾದವೂ ಕಂಠವೂ ಚೆನ್ನಾಗಿ ಹೊಂದಿವೆ ಎಂದು ಮೆಚ್ಚಿದರು, ಈ ಹಾಡು ಯಾವಾಗ ಕಟ್ಟಿದೆ ಎಂದು ಕೇಳಿದರು. ಮೊದಲು ಪೂರ್ತಿ ಕೇಳಿಸಿಕೊಂಡರು, ಆಮೇಲೆ ಹಾಡಿದವನನ್ನು ವಿಚಾರಿಸಿದರು. ನಾನು ಎರಡನ್ನೂ ಮಾಡಿರಲಿಲ್ಲ. ನಮ್ಮ ಬಾಬಾಸಾಹೇಬರೂ ಪಿಟೀಲು ಕಲಿತವರು ಎಂಬುದು ಮರೆತೇಹೋಗಿತ್ತು.

*ಹಾಗಾದರೆ ಎಲ್ಲವೂ ನಮ್ಮದೇ?*

ಅಲ್ಲ. ಇಲ್ಲಿ ಎಚ್ಚರ ಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಪ್ರತಿಜ್ಞೆಗಳಲ್ಲಿ ಐದನೆಯದು, ಬುದ್ಧರು ವಿಷ್ಣುವಿನ ಅವತಾರ ಎಂಬುದನ್ನು ನಾವು ಒಪ್ಪುವುದಿಲ್ಲ ಎಂಬುದು. ಬೇರೆಯವರ ಚಿತ್ರಕ್ಕೆ ನಮ್ಮ ಅರ್ಥ ತುಂಬಿ ಅವರನ್ನೇ ನುಂಗಿಬಿಡುವುದು ಎಷ್ಟು ದೊಡ್ಡ ಅನ್ಯಾಯ ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದ್ದರಿಂದ ಶರೀಫರನ್ನು ಬೌದ್ಧರು ಎಂದು ಕರೆಯುವುದು ಬೇಡ. ಅವರ ಶಿಶುನಾಳಧೀಶ ಅಂಕಿತ ಅವರದು. ಅದಕ್ಕೆ ನಾವು ಕೈ ಮುಗಿಯಬೇಕಿಲ್ಲ, ಅದನ್ನು ಅಳಿಸಲೂಬೇಕಿಲ್ಲ. ಮೋಹ ಸುಡು ಎಂಬ ಮಾತು ಮಾತ್ರ ಯಾರ ಬಾಯಿಂದ ಬಂದರೂ ಕೇಳಬಹುದು. ಯಾವುದನ್ನು ಬುದ್ಧವಚನ ಎಂದು ಒಪ್ಪಬೇಕು ಎಂಬುದಕ್ಕೆ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಕೊಟ್ಟ ಒರೆಗಲ್ಲುಗಳು ಇವೇ ತಾನೇ? ವಿಚಾರಕ್ಕೆ ನಿಲ್ಲುತ್ತದೆಯೇ, ಮನುಷ್ಯರ ಒಳಿತಿಗೆ ಆಗುತ್ತದೆಯೇ? ಹಾಡಿಗೂ ಅದನ್ನೇ ಹಿಡಿದು ನೋಡೋಣ.

*ಇಂದಿನ ಅಭ್ಯಾಸ*

ನಿಮಗೋ ನಿಮ್ಮ ಮಕ್ಕಳಿಗೋ ಇಷ್ಟವಾದ ಒಂದು ಹಾಡನ್ನು ಇವತ್ತು ಪೂರ್ತಿ ಕೇಳಿ. ರಾಕ್ ಆಗಲಿ, ಸಿನಿಮಾ ಹಾಡಾಗಲಿ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ:

1️⃣ ಇದು ನನ್ನನ್ನು ಯಾರ ಮುಂದಾದರೂ ಬಗ್ಗಿಸುತ್ತದೆಯೇ, ಅಥವಾ ನನ್ನೊಳಗೆ ನೋಡಿಕೊಳ್ಳಲು ಹೇಳುತ್ತದೆಯೇ?
2️⃣ ಯಾವ ಮನುಷ್ಯರನ್ನಾದರೂ ಕೀಳು ಮಾಡುತ್ತದೆಯೇ?
3️⃣ ಕೇಳಿ ಮುಗಿದ ಮೇಲೆ ನನ್ನ ರಾಗ, ದ್ವೇಷ, ಮೋಹ ಹೆಚ್ಚಾಯಿತೇ, ಕಡಿಮೆಯಾಯಿತೇ?

ಮೂರನೆಯದಕ್ಕೆ ಉತ್ತರ ಹಾಡಿನಲ್ಲಿ ಸಿಗುವುದಿಲ್ಲ. ಕೇಳುವವರ ಬದುಕಿನಲ್ಲಿ ಸಿಗುತ್ತದೆ. ಅದಕ್ಕೇ ಒಂದೇ ಹಾಡು ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುವುದು.

ಕಾಡುಗೋಡಿಯಿಂದ ವಾಪಸ್ ಬರುವಷ್ಟರಲ್ಲಿ ಮಗ ಶಿಫ್ಟಿಗೆ ಹೊರಡುತ್ತಿದ್ದ. “ಹಾಡು ಕೇಳಿದೆ ಕಣೋ, ಪೂರ್ತಿ. ಅವತ್ತು ಎಲ್ಲರ ಮುಂದೆ ಹಂಗೆ ಅಂದಿದ್ದು ನನ್ನ ತಪ್ಪು” ಎಂದೆ. ಅವನು ಶೂ ಲೇಸು ಕಟ್ಟುತ್ತಲೇ, “ತಾತನ ತಮಟೆ ಎಲ್ಲಪ್ಪಾ ಇದೆ?” ಎಂದು ಕೇಳಿದ. ಅಟ್ಟದ ಮೇಲಿದೆ ಎಂದೆ. “ಗಿಟಾರ್ ಜೊತೆ ಬಾರಿಸಿದ್ರೆ ಚೆನ್ನಾಗಿರುತ್ತೆ. ಈ ಸಲ ಯಾವ ಬಾಗಿಲಾಚೆನೂ ನಿಲ್ಲಬೇಕಾಗಿಲ್ಲವಲ್ಲ” ಎಂದ.

ಉತ್ತರ ಕೊಡಲು ನನಗೆ ಗಂಟಲು ಕಟ್ಟಿತ್ತು. ತಮಟೆಯನ್ನು ಇನ್ನೂ ಇಳಿಸಿಲ್ಲ. ನಮ್ಮಪ್ಪ ಕೆಳಗಿಟ್ಟದ್ದನ್ನು ನಾನು ಎತ್ತಬಹುದೇ ಎಂದು ಯೋಚಿಸುತ್ತಿದ್ದೇನೆ. ಬಂಧುಗಳು ನಿಮಗೆ ತೋಚಿದ್ದನ್ನು ಗುಂಪಿನಲ್ಲಿ ಬರೆಯಿರಿ, ಭಾನುವಾರ ಕೂತು ಮಾತಾಡೋಣ. ಮಗನೂ ಬರುತ್ತೇನೆ ಎಂದಿದ್ದಾನೆ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್ 💙

_ಓದಿ, ನಿಮ್ಮ ಮನೆಯವರಿಗೂ ಕಳಿಸಿ_